ಹುಲಿಗೆಮ್ಮನ ಸ್ವಾಗತ

ಊರವರೆಲ್ಲ ಜೋಳ ಒಕ್ಕುವ ಕಣದ ಮೇಲೆ ಸಾಹುಕಾರ ಶಿವಯೋಗೆಪ್ಪನವರ ಕಣ್ಣು ಬಿದ್ದಿತ್ತು. ಅಲ್ಲಿ ಅವರ ಗೋದಾಮು ಏಳಬೇಕಿತ್ತು. ಗ್ರಾಮಸಭೆಯಲ್ಲಿ ತಾವೇ ಮೊದಲು ಎದ್ದು ಅದನ್ನು 'ಪಾಳು ಜಾಗ' ಅಂದುಬಿಟ್ಟರೆ ಆಮೇಲೆ ಎಲ್ಲರೂ ಹಾಗೇ ಅನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಅಡ್ಡ ಬರುವವಳು ಒಬ್ಬಳೇ, ಅಂಗನವಾಡಿಯಲ್ಲಿ ಅಡುಗೆ ಮಾಡುವ ಹುಲಿಗೆಮ್ಮ. ಅವಳನ್ನು ಕರೆಸಿ ಗದರಿದರು.

"ಸಭ್ಯಾಗ ನೀ ಸ್ವಾಗತ ಅಷ್ಟ ಮಾಡು. ನನಗ ಎದುರು ಒಂದು ಮಾತೂ ಆಡಬ್ಯಾಡ."

"ಆಗಲಿ ರೀ ಧಣ್ಯಾರ," ಅಂದಳು ಹುಲಿಗೆಮ್ಮ.

ಸಭೆ ಸೇರಿತು. ಅವಳು ಎದ್ದು ಕೈಮುಗಿದಳು. "ನಮ್ಮ ಕಣಕ್ಕ ಯಾರೂ ಕೈ ಹಚ್ಚದಂಗ ಕಾಯ್ತೀನಿ ಅಂತ ಹೇಳಾಕ ಬಂದಿರೋ ನಮ್ಮ ಸಾಹುಕಾರರಿಗೆ ಸ್ವಾಗತ ರೀ."

ಚಪ್ಪಾಳೆ ನಿಲ್ಲಲೇ ಇಲ್ಲ. ಮುದುಕಿಯರು ಬಂದು ಸಾಹುಕಾರರ ಕಾಲು ಮುಟ್ಟಿದರು. ಎದ್ದು ನಿಂತ ಅವರ ಬಾಯಿಂದ 'ಪಾಳು' ಎಂಬ ಮಾತು ಹೊರಡಲೇ ಇಲ್ಲ. "ಹೌದು, ಕಣ ಊರಿಂದು," ಅಂದು ಕೂತರು.

ಸಿಟ್ಟು ಬರಬೇಕಿತ್ತು, ಬಂದದ್ದು ಬೆರಗು. ಜನ್ಮವಿಡೀ ಭಾಷಣದಲ್ಲೇ ಊರನ್ನು ಆಡಿಸಿದ ತಮ್ಮನ್ನು ಈಕೆ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದಳು. ಜನ ಚದುರಿದ ಮೇಲೆ ಮೆಲ್ಲಗೆ ಕೇಳಿದರು: "ಎದುರು ಮಾತಾಡಬ್ಯಾಡ ಅಂದಿದ್ನಲ್ಲವ್ವಾ?"

"ಎದುರು ಎಲ್ಲಿ ಆಡಿದೆ ರೀ? ಮೊದಲು ಆಡಿದೆ."