ಒಪ್ಪದ ಡಾಂಗಲ್

“ಗುರುಗಳೇ, ಹೊಸದಾಗಿ ಸೇರಿದ ವಿದ್ಯಾರ್ಥಿಯ ತಲೆಗೆ ನಾನು ಹೇಳಿಕೊಡುವುದು ಹತ್ತುತ್ತಲೇ ಇಲ್ಲ. ಎಲ್ಲ ಬಗೆಯಿಂದಲೂ ಹೇಳಿ ನೋಡಿದೆ. ಇನ್ನು ಬಿಟ್ಟುಬಿಡಲೇ?” ಎಂದು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಚನ್ನವೀರ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಶಿಕ್ಷಕಿ ಇದ್ದಳು. ಕಣ್ಣು ಕಾಣದ ಹುಡುಗಿಯರಿಗೆ ಶಾಲೆ ನಡೆಸುತ್ತಿದ್ದಳು. ಅಲ್ಲಿ ದಾನವಾಗಿ ಬಂದ ಹಳೆಯ ಕಂಪ್ಯೂಟರು ಒಂದಿತ್ತು. ಅದರಲ್ಲಿ ಮೊದಲಿದ್ದ ವ್ಯವಸ್ಥೆ ಅದಕ್ಕೆ ಭಾರವಾಗಿತ್ತು. ಅವಳು ಅದನ್ನು ತೆಗೆದು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿದಳು. ಅದು ಹಗುರ, ಕನ್ನಡವನ್ನು ಗಟ್ಟಿಯಾಗಿ ಓದಿಯೂ ಹೇಳುತ್ತಿತ್ತು. ಆದರೆ ಓದಬೇಕಾದ ಪಾಠಗಳಿದ್ದುದು ಅಂತರ್ಜಾಲದಲ್ಲಿ. ವೈಫೈ ಹಿಡಿಯಲೆಂದು ಡಾಂಗಲ್ ಎಂಬ ಬೆರಳುದ್ದದ ಸಾಧನ ತಂದು ಕಂಪ್ಯೂಟರಿಗೆ ಚುಚ್ಚಿದಳು. ಅದರ ದೀಪ ಹತ್ತಲಿಲ್ಲ.

“ಇದು ಲಿನಕ್ಸಿಗೆ ಆಗಿಬರುವುದಿಲ್ಲ ಮೇಡಂ. ಮೊದಲಿದ್ದದ್ದನ್ನೇ ಹಾಕಿಸಿಕೊಳ್ಳಿ,” ಎಂದ ಅಂಗಡಿಯವನು.

“ಅದನ್ನು ಹಾಕಿದರೆ ಕಂಪ್ಯೂಟರೇ ಏಳುವುದಿಲ್ಲವಲ್ಲ?”

ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಇಂಥ ಸಾಧನಗಳನ್ನು ನಡೆಸುವ ಚಾಲಕ ತಂತ್ರಾಂಶಗಳನ್ನು ಅವಳು ಸಿಕ್ಕಸಿಕ್ಕಲ್ಲಿಂದ ತಂದು ಹಾಕಿದಳು. ಡಾಂಗಲ್ ಯಾವುದಕ್ಕೂ ಮಿಸುಕಲಿಲ್ಲ. ಪರೀಕ್ಷೆ ಹತ್ತಿರವಾಗುತ್ತಿತ್ತು. ಕಾಶವ್ವ ಎಂಬ ಹುಡುಗಿ ದಿನವೂ ಬಂದು, “ಅಕ್ಕೋರೇ, ಇವತ್ತಾದರೂ ಓದುತ್ತದೆಯೇ?” ಎಂದು ಕೇಳುತ್ತಿದ್ದಳು. ಒಂದು ದಿನ ಶಿಕ್ಷಕಿ ಸಿಟ್ಟಿನಿಂದ ಡಾಂಗಲನ್ನು ಕಿತ್ತು ಮೇಜಿನ ಮೇಲೆ ಬಿಸುಟಳು.

ಸಿಟ್ಟು ಇಳಿದ ಮೇಲೆ ಅವಳಿಗೆ ಹೊಳೆಯಿತು. ಇಷ್ಟು ದಿನ ಇದಕ್ಕೆ ಅಪ್ಪಣೆಯನ್ನಷ್ಟೇ ಕೊಟ್ಟಿದ್ದೇನೆ. ಇದು ಏನೆಂದು ವಿಚಾರಿಸಿಯೇ ಇಲ್ಲ.

ಮತ್ತೆ ಚುಚ್ಚಿದಳು. ಚುಚ್ಚಿದ ಸಾಧನ ಯಾವುದು ಎಂದು ವಿಚಾರಿಸುವ ಒಂದು ಆದೇಶ ಲಿನಕ್ಸಿನಲ್ಲಿದೆ. ಅದನ್ನು ಕೊಟ್ಟಳು. ದೀಪ ಹತ್ತದ ಆ ಡಾಂಗಲ್ ಕೂಡಲೇ ತನ್ನ ಗುರುತಿನ ಸಂಖ್ಯೆ ಹೇಳಿತು. ಹೊರಗೆ ಬರೆದಿದ್ದ ಹೆಸರು ಒಂದು ಕಂಪನಿಯದಾಗಿತ್ತು, ಒಳಗಿನ ಚಿಪ್ ಇನ್ನೊಂದು ಕಂಪನಿಯದು.

ಅಂತರ್ಜಾಲವಿದ್ದ ಗೆಳತಿಯ ಮನೆಗೆ ಹೋಗಿ ಆ ಚಿಪ್‌ನ ಬಗ್ಗೆ ಹುಡುಕಿದಳು. ದೂರದೇಶದ ಒಬ್ಬಾತ ಅದಕ್ಕೆ ಚಾಲಕ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಆದರೆ ಈ ಡಾಂಗಲಿನ ಸಂಖ್ಯೆ ಅದರಲ್ಲಿ ಸೇರಿರಲಿಲ್ಲ. ಅವಳು ಸೇರಿಸಿದಳು. ಮೊದಲ ಸಲ ತಪ್ಪು ಬಂತು. ಆತನಿಗೇ ಬರೆದು ಕೇಳಿದಳು, ಮುಖ ಕಾಣದ ಆತ ತಾಳ್ಮೆಯಿಂದ ತಿದ್ದಿಕೊಟ್ಟ. ಅದನ್ನು ತಂದು ಹಾಕಿದಳು. ದೀಪ ಹತ್ತಿತು.

ಹುಡುಗಿಯರಿಗೆ ದೀಪ ಕಾಣಲಿಲ್ಲ. ಆದರೆ ಕಂಪ್ಯೂಟರು ಪಾಠದ ಮೊದಲ ಸಾಲು ಓದಿದಾಗ ಗದ್ದಲವೆಲ್ಲ ನಿಂತಿತು. ಕಾಶವ್ವ ಶಿಕ್ಷಕಿಯ ಕೈ ಹುಡುಕಿ ಹಿಡಿದುಕೊಂಡಳು. ಆ ಸಂಖ್ಯೆಯನ್ನು ದೂರದೇಶದ ಆತ ತನ್ನ ಚಾಲಕದಲ್ಲೂ ಸೇರಿಸಿಕೊಂಡ. ಈಗ ಅಂಥ ಡಾಂಗಲನ್ನು ಯಾರು ತಂದರೂ ಅದರ ಜೊತೆ ಹೆಣಗಬೇಕಾಗಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ, “ಹಾಗಾದರೆ ಆ ವಿದ್ಯಾರ್ಥಿಗೆ ಇನ್ನೊಂದು ಬಗೆಯಲ್ಲಿ ಹೇಳಿ ನೋಡುತ್ತೇನೆ,” ಎಂದ.

“ಹೇಳುವುದು ಇರಲಿ, ನೀನು ಅವನನ್ನು ಇದುವರೆಗೆ ಏನು ಕೇಳಿದ್ದೀ?” ಎಂದರು ಗುರುಗಳು.