ಗದ್ದುಗೆ ಬಾಗಿಲಿನ ಬಣ್ಣ

ನಿಜಗುಣಿ ಅಪ್ಪಣೆ ಕೇಳಲು ಹೋದದ್ದು ಒಂದು ಮಧ್ಯಾಹ್ನ, ಪ್ರಸಾದ ಮುಗಿಸಿದ ಭಕ್ತರು ಕೈ ತೊಳೆಯಲು ಹೊಳೆಗೆ ಇಳಿದಿದ್ದ ಹೊತ್ತಿನಲ್ಲಿ.

ಮಠ ಮಲಪ್ರಭೆಯ ದಂಡೆಯಲ್ಲಿತ್ತು. ದೊಡ್ಡ ಮಠವೇನಲ್ಲ. ಒಂದು ಗದ್ದುಗೆ, ಒಂದು ಪಡಸಾಲೆ, ಒಂದು ಅಡುಗೆಮನೆ, ಒಬ್ಬ ಗುರು. ಗುರುಗಳನ್ನು ಸುತ್ತಿನ ಹತ್ತೂರಿನವರು ಅಜ್ಜಾರು ಎಂದೇ ಕರೆಯುತ್ತಿದ್ದರು.

ನಿಜಗುಣಿ ಅವರ ಶಿಷ್ಯ. ಬಂದಾಗ ಇಪ್ಪತ್ತಾರರ ಹುಡುಗ, ಈಗ ಐವತ್ತರ ಹತ್ತಿರ. ಈ ಇಪ್ಪತ್ತಮೂರು ವರ್ಷದಲ್ಲಿ ಗಂಟೆ ಬಾರಿಸಿದ, ರೊಟ್ಟಿ ಬಡಿದ, ಬಂದವರ ಗೋಳು ಕೇಳಿದ, ಪ್ರವಚನಕ್ಕೆ ಮೈಕು ಕಟ್ಟಿದ. ಜ್ಞಾನವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನ ಪಾಲಿಗೆ ಬಂದಿತ್ತು.

“ಸಾಕಾಗೇತ್ರಿ ಅಜ್ಜಾರ,” ಎಂದ. “ಹೋಗ್ತೀನ್ರಿ. ಅಪ್ಪಣಿ ಕೊಡ್ರಿ.”

ಅಜ್ಜಾರು ಎಲ್ಲಿಗೆ ಎಂದು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳಲೆಂದು ನಿಜಗುಣಿ ಎರಡು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಅದೆಲ್ಲ ಗಂಟಲಲ್ಲೇ ಉಳಿಯಿತು.

“ಗದ್ದಗಿ ಬಾಗಲದ ಬಣ್ಣ ತಗಿ,” ಎಂದರು ಅಜ್ಜಾರು. “ಕಟಗಿ ಕಂಡ ದಿನಾ ಹೋಗು.”

ಆ ಬಾಗಿಲಿನದು ಒಂದು ಕಥೆ. ಶ್ರಾವಣದ ಪ್ರವಚನ ಮುಗಿಯುವ ದಿನ ಒಂದು ಮನೆತನದವರು ಬಂದು ಅದಕ್ಕೆ ಒಂದು ಕೈ ಎಣ್ಣೆಬಣ್ಣ ಬಳಿಯುವುದು ಮಠದ ಪದ್ಧತಿ. ಸರದಿಗಾಗಿ ಜನ ಹತ್ತು ವರ್ಷ ಕಾಯುತ್ತಿದ್ದರು. ಹಳೆಯ ಬಣ್ಣ ಕೆರೆದರೆ ಹಿಂದಿನವರ ಸೇವೆಗೆ ಅಪಚಾರವಾದೀತೆಂದು ಯಾರೂ ಕೆರೆಯುತ್ತಿರಲಿಲ್ಲ. ಮೇಲಿಂದ ಮೇಲೆ ಬಳಿದದ್ದೇ ಬಳಿದದ್ದು.

ಕೆತ್ತನೆಯ ಬಳ್ಳಿ ಮೈ ತುಂಬಿಕೊಂಡು ಹಗ್ಗದಂತಾಗಿತ್ತು. ಹೂವು ಯಾವುದು ಎಲೆ ಯಾವುದು ಹೇಳುವಂತಿರಲಿಲ್ಲ. ಹೋದ ತಿಂಗಳು ಅಜ್ಜಾರು ಒಳಗೆ ಪೂಜೆಗೆ ಕುಳಿತಾಗ ಬಾಗಿಲು ಕಚ್ಚಿಕೊಂಡು, ನಾಲ್ಕು ಜನ ಭುಜ ಕೊಟ್ಟು ತೆಗೆಯಬೇಕಾಗಿ ಬಂದಿತ್ತು.

ನಿಜಗುಣಿ ಲೆಕ್ಕ ಹಾಕಿದ. ಬೇಗ ಮುಗಿಸಿದರೆ ಬೇಗ ಹೋಗಬಹುದು. ಅವನಿಗೆ ಬೇಕಾಗಿದ್ದದ್ದು ಅಷ್ಟೆ.

ಊರಿನ ಪೇಂಟರ್ ಹುಸೇನಸಾಬ ಒಂದು ಗೋಣಿಚೀಲದಲ್ಲಿ ಮೂರು ಸಾಮಾನು ತಂದು ಪಡಸಾಲೆಯಲ್ಲಿ ಇಟ್ಟ. ಮೂರೂ ಬಣ್ಣವನ್ನು ಕಾಸಿ ಮೆತ್ತಗೆ ಮಾಡುವಂಥವು. ಮೆತ್ತಗಾದ ಮೇಲೆ ಕಬ್ಬಿಣದ ಪಟ್ಟಿಯಿಂದ ಕೆರೆದರೆ ಬರುತ್ತದೆ.

ಒಂದು ಬ್ಲೋ ಲ್ಯಾಂಪ್, ಉರಿ ಕಾರುವಂಥದ್ದು. ಇನ್ನೊಂದು ಹೀಟ್ ಗನ್, ಉರಿಯಿಲ್ಲದೆ ಬರೀ ಬಿಸಿಗಾಳಿ ಊದುತ್ತದೆ. ಮೂರನೆಯದು ಹಳೆಯ ವಾಡೆ ಮನೆಗಳ ಕಟ್ಟಿಗೆ ರಿಪೇರಿ ಮಾಡುವವರಿಂದ ಕೇಳಿ ತಂದದ್ದು, ಇನ್‌ಫ್ರಾರೆಡ್ ಹೀಟರ್. ಅದಕ್ಕೆ ಉರಿಯೂ ಇಲ್ಲ, ಗಾಳಿಯೂ ಇಲ್ಲ. ಕೆಂಪಗೆ ಕಾದು ಸುಮ್ಮನೆ ಎದುರಿಗೆ ನಿಲ್ಲುತ್ತದೆ. ಸಪಾಟು ಹಲಗೆಗೆ ಅದು ಚಲೋ, ಕೆತ್ತನೆಯ ಸಂದಿಗೆ ಹೋಗುವುದಿಲ್ಲ ಎಂದು ಹುಸೇನಸಾಬ ಹೇಳಿದ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಹೊಗೆ ಏಳುವಷ್ಟು ಕಾಸಬೇಡಿರಿ, ಮೂಗಿಗೆ ಮಾಸ್ಕ್ ಬಿಡಬೇಡಿರಿ ಎಂದು ಎರಡೆರಡು ಸಲ ಎಚ್ಚರಿಸಿದ.

“ಮೂರರಾಗ ಯಾವುದು ಲಗೂ?” ಎಂದು ನಿಜಗುಣಿ ಕೇಳಿದ.

“ಬ್ಲೋ ಲ್ಯಾಂಪರಿ. ಲಗೂ ಬಿಡಸ್ತೈತಿ, ಲಗೂ ಸುಡ್ತೈತಿ.”

ನಿಜಗುಣಿಯ ಕಿವಿಗೆ ಮೊದಲ ಅರ್ಧ ಮಾತ್ರ ಬಿತ್ತು. ಆದರೂ ಒಂದು ಮಾತು ಕೇಳೋಣವೆಂದು ಅಜ್ಜಾರ ಹತ್ತಿರ ಹೋಗಿ, ಯಾವುದನ್ನು ಹಿಡಿಯಲಿ ಎಂದ.

“ಕೈ ನಿಂದು,” ಎಂದರು ಅಜ್ಜಾರು.

ನಿಜಗುಣಿ ಬ್ಲೋ ಲ್ಯಾಂಪನ್ನೇ ಹಿಡಿದ. ಎರಡು ದಿನ ಕೆಲಸ ಸರಾಗವಾಗಿ ಓಡಿತು. ಬಣ್ಣ ಗುಳ್ಳೆಯೆದ್ದು ಸುರುಳಿಯಾಗಿ ಉದುರುತ್ತಿತ್ತು. ಹೀಗೇ ನಡೆದರೆ ಹುಣ್ಣಿಮೆಯೊಳಗೆ ಬಸ್ಸು ಹತ್ತಬಹುದು ಎಂದುಕೊಂಡ. ಮೂರನೆಯ ದಿನ ಆ ಬಸ್ಸಿನದೇ ಯೋಚನೆಯಲ್ಲಿದ್ದಾಗ ಮೂಗಿಗೆ ಬೇರೆ ವಾಸನೆ ಬಡಿಯಿತು. ಅದು ಬಣ್ಣದ್ದಲ್ಲ.

ಮೇಲಿನ ಹಲಗೆಯ ಕಮಲದ ಮೂರು ಎಸಳು ಇದ್ದಿಲಾಗಿದ್ದವು.

ಅವನು ಲ್ಯಾಂಪ್ ಆರಿಸಿದ. ನೀರು ಚಿಮುಕಿಸಿದ, ಒರೆಸಿದ, ಕೆರೆದ. ಕಪ್ಪು ಹೋಗಲಿಲ್ಲ. ಆಮೇಲೆ ಅವನು ಮಾಡಿದ್ದು ನೋಡಿ. ಹಿಂದಿನ ಶ್ರಾವಣದ ಹಸಿರು ಬಣ್ಣ ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಕದಡಿ ಕಮಲಕ್ಕೆ ಬಳಿದ. ತೆಗೆಯಲು ಕುಳಿತವನೇ ಬಳಿಯಲು ಕುಳಿತ.

ಸಂಜೆಯ ಪೂಜೆಗೆ ಅಜ್ಜಾರು ಬಂದರು. ಒಳಗೆ ಹೋಗುವ ಮುಂಚೆ ಮೂರು ಬೆರಳಿಂದ ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ರೂಢಿ. ಅಂದು ಕೈ ಹೋದದ್ದು ಕಮಲದ ಮೇಲೆಯೇ. ಬೆರಳು ಅಂಟಿತು.

ಅವರು ಬೆರಳನ್ನು ಬಹಳ ಹೊತ್ತು ನೋಡಿಕೊಂಡರು. ಒರೆಸಿಕೊಳ್ಳಲಿಲ್ಲ. ಒಳಗೆ ಹೋಗಿ ಪೂಜೆ ಮಾಡಿದರು. ಹೊರಗೆ ಬಂದು ಅದೇ ಬೆರಳಿಂದ ಸಾಲಾಗಿ ನಿಂತವರ ಹಣೆಗೆ ವಿಭೂತಿ ಹಚ್ಚಿದರು.

ವಿಭೂತಿ ಹಸಿರಾಗಿ ಬಂತು. ಭಕ್ತರು ಇದೇನೋ ವಿಶೇಷ ಪ್ರಸಾದವೆಂದು ಭಕ್ತಿಯಿಂದ ಕಣ್ಣು ಮುಚ್ಚಿಕೊಂಡರು. ಒಬ್ಬ ಮುದುಕಿಯಂತೂ ಸೊಸೆಗೆ ಒಯ್ಯುತ್ತೇನೆ, ಕಾಗದದಲ್ಲಿ ಒಂಚೂರು ಕೊಡಿರಿ ಎಂದಳು. ಸಾಲಿನ ಕೊನೆಗೆ ನಿಜಗುಣಿ ನಿಂತಿದ್ದ. ಅವನ ಹಣೆಗೂ ಹಚ್ಚಿದರು.

ಎಲ್ಲರೂ ಹೋದ ಮೇಲೆ ಅವನು ಚಿಂದಿಗೆ ಸೀಮೆಎಣ್ಣೆ ಹಾಕಿ ಅಜ್ಜಾರ ಬೆರಳು ಒರೆಸಲು ಕುಳಿತ.

“ಬೈರಿ ಅಜ್ಜಾರ.”

“ಯಾತಕ್ಕ?”

“ಸುಟ್ಟದ್ದಕ್ಕರಿ.”

“ಸುಟ್ಟದ್ದು ನನಗ ಕಾಣಲಿಲ್ಲ,” ಎಂದರು ಅಜ್ಜಾರು. “ಹಸರ ಕಂಡತು.”

ಮರುದಿನ ಬೆಳಿಗ್ಗೆ ನಿಜಗುಣಿ ತಾನು ಬಳಿದ ಹಸಿರನ್ನು ತಾನೇ ಒರೆಸಿ ತೆಗೆದ. ಕಮಲ ಕರ್ರಗೆ ಹೊರಬಂತು. ಬಂದವರೆಲ್ಲ ನೋಡಿದರು, ನಾಲ್ಕು ಜನ ಕೇಳಿಯೂ ಕೇಳಿದರು. ನಾನೇ ಸುಟ್ಟೆ ಎಂದು ಹೇಳಿ ಹೇಳಿ ಅವನಿಗೆ ಬಾಯಿ ಒಣಗಿತು. ಬ್ಲೋ ಲ್ಯಾಂಪನ್ನು ಹುಸೇನಸಾಬನಿಗೆ ತಿರುಗಿ ಕೊಟ್ಟು ಹೀಟ್ ಗನ್ ಹಿಡಿದ.

ಸಾಮಾನು ಬದಲಾದರೂ ಕೈ ಅದೇ ಕೈ. ಗನ್ನಿನ ಗುಂಡಿಯನ್ನು ಕೊನೆಯತನಕ ತಿರುಗಿಸಿಟ್ಟಿದ್ದ. ಹೊಗೆ ಏಳುತ್ತಿತ್ತು, ಕಣ್ಣು ಉರಿಯುತ್ತಿತ್ತು, ಬಣ್ಣ ಮೆತ್ತಗಾಗುವ ಬದಲು ಸುಟ್ಟು ಕಟ್ಟಿಗೆಗೇ ಹತ್ತಿಕೊಳ್ಳುತ್ತಿತ್ತು. ಭುಜ ಬಿದ್ದುಹೋಗಿತ್ತು. ಬಾಗಿಲನ್ನು ನೋಡಿದರೇ ಬೇಸರ ಬರುತ್ತಿತ್ತು. ಬಳಿದವರ ಮೇಲೆ, ಬಳಿಸಿಕೊಂಡ ಬಾಗಿಲಿನ ಮೇಲೆ, ಈ ಕೆಲಸ ಹಚ್ಚಿದ ಅಜ್ಜಾರ ಮೇಲೆ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಾರಿಗೆ ಮೊಣಕಾಲು ಹಿಡಿದುಕೊಂಡಿತು. ಇದು ಹೊಸದೇನಲ್ಲ. ನಿಜಗುಣಿ ಎಂದಿನಂತೆ ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕಾವು ಕೊಡಲು ಕುಳಿತ. ಗಂಟನ್ನು ಮೊದಲು ತನ್ನ ಮುಂಗೈಗೆ ಒತ್ತಿ ನೋಡಿಕೊಂಡ. ಸ್ವಲ್ಪ ಆರಲು ಬಿಟ್ಟ. ಮತ್ತೆ ಒತ್ತಿ ನೋಡಿಕೊಂಡ. ಆಮೇಲೆ ಮೊಣಕಾಲಿಗೆ ಇಟ್ಟ.

“ಮೊದಲ ನಿನ್ನ ಕೈಗೆ ಯಾಕ ಇಟ್ಕೊಂಡಿ?” ಎಂದರು ಅಜ್ಜಾರು.

“ನಿಮಗ ಸುಡಬಾರದಲ್ರಿ.”

“ಹಂಚು ದೊಡ್ಡದೋ ಸಣ್ಣದೋ, ಗ್ಯಾಸೋ ಕಟಗಿ ಒಲಿಯೋ, ಅದನ್ನೇನೂ ನೋಡಲಿಲ್ಲಲ್ಲ.”

“ಅದು ಯಾತರದರೆ ಇರಲಿರಿ. ಕಾವು ಕೈಗೆ ತಿಳೀತೈತಿ.”

ಅಜ್ಜಾರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದು ನಿಜಗುಣಿ ಏಳಲು ನೋಡಿದ.

“ಎಡಗೈ ಬಾಗಲದ ಮ್ಯಾಲೆ ಇಡು,” ಎಂದರು, ಕಣ್ಣು ತೆರೆಯದೆ.

ಅಂದಿನಿಂದ ಅವನ ಎಡಗೈ ಬಾಗಿಲಿನ ಮೇಲೆ ಇತ್ತು. ಬಲಗೈಯಲ್ಲಿ ಗನ್ನು, ಅದರ ಗುಂಡಿ ಅರ್ಧಕ್ಕೆ. ಗಾಳಿ ಬೀಳುವ ಜಾಗದ ಮಗ್ಗುಲಲ್ಲಿ ಅಂಗೈ. ಅಂಗೈ ಸಾಕೆಂದರೆ ಸಾಕು, ಮುಂದೆ ಸರಿಯಬೇಕು. ಹೊಗೆ ನಿಂತಿತು. ಸಪಾಟು ಹಲಗೆಗೆ ಇನ್‌ಫ್ರಾರೆಡ್ ಹೀಟರ್ ಎದುರಿಗಿಟ್ಟು ಸುಮ್ಮನೆ ಕಾಯುವುದನ್ನು ಕಲಿತ. ಕಾಯುವುದೇ ಆ ಸಾಮಾನಿನ ಕೆಲಸ, ಕೆರೆಯುವುದು ಆಮೇಲಿನ ಮಾತು. ಕೆತ್ತನೆಯ ಸಂದಿಗೆ ಕಬ್ಬಿಣದ ಪಟ್ಟಿ ಬಿಟ್ಟು ಬಿದಿರಿನ ಚಕ್ಕೆ ಹಿಡಿದ. ದಿನಕ್ಕೆ ಒಂದು ಎಲೆ, ಒಮ್ಮೊಮ್ಮೆ ಅರ್ಧ ಎಲೆ. ಸಂಜೆ ಸಾಬೂನು ಹಚ್ಚಿ ಕೈ ತೊಳೆದು ಬಂದು ಊಟಕ್ಕೆ ಕುಳಿತರೆ ತುತ್ತು ಎತ್ತಲೂ ತ್ರಾಣವಿರುತ್ತಿರಲಿಲ್ಲ. ಆದರೆ ಸಿಟ್ಟು ಕಡಿಮೆಯಾಗಿತ್ತು. ಸಿಟ್ಟಿಗೂ ತ್ರಾಣ ಬೇಕಲ್ಲ.

ಬಣ್ಣಗಳು ಒಂದೊಂದಾಗಿ ಹೋದವು. ಹಸಿರು, ಆಕಾಶನೀಲಿ, ಯಾರೋ ಭಾರೀ ಹುಮ್ಮಸ್ಸಿನಿಂದ ಬಳಿದ ಬೆಳ್ಳಿ ಬಣ್ಣ, ಮತ್ತೆ ಹಸಿರು. ಯಾರ ಕೈ ದಪ್ಪ, ಯಾರ ಕೈ ತೆಳುವು ಎಂದು ಅವನಿಗೆ ತಿಳಿಯುತ್ತಿತ್ತು. ಒಂದು ಪದರಿನಲ್ಲಿ ಬ್ರಶ್ಶಿನ ಕೂದಲಿತ್ತು. ಇನ್ನೊಂದರಲ್ಲಿ ಕೂಸಿನ ಬೆರಳ ಗುರುತಿತ್ತು. ಇವರಲ್ಲಿ ಒಬ್ಬರೂ ಬಾಗಿಲಿಗೆ ಕೆಟ್ಟದ್ದು ಬಯಸಿದವರಲ್ಲ.

ಒಂದು ದಿನ ಹಳದಿ ಬಂತು. ಅದು ಅವನದೇ. ಮಠಕ್ಕೆ ಬಂದ ಮೊದಲ ವರ್ಷ, ಯಾರದೋ ಸರದಿ ತಪ್ಪಿದ್ದರಿಂದ ಅಜ್ಜಾರು ಅವನಿಗೆ ಕೊಟ್ಟಿದ್ದ ಸೇವೆ. ಆಗ ಎಷ್ಟು ಆಸೆಯಿಂದ ಬಳಿದಿದ್ದ! ಈಗ ಅದು ಮೆತ್ತಗಾಗಿ ಒಂದೇ ಹಾಳೆಯಾಗಿ ಕೈಗೆ ಬಂತು. ನಿಜಗುಣಿಗೆ ಅಳು ಬಂತು. ಯಾಕೆಂದು ತಿಳಿಯಲಿಲ್ಲ. ದಣಿದವನ ಅಳುವಿಗೆ ಕಾರಣವೂ ಬೇಕಾಗುವುದಿಲ್ಲ. ಮೂಗು ಒರೆಸಿಕೊಂಡು ಆ ಹಾಳೆಯನ್ನೂ ಉಳಿದವುಗಳ ಜೊತೆ ಚೀಲಕ್ಕೆ ಹಾಕಿದ.

ಮೂರು ತಿಂಗಳು ಕಳೆದವು. ಕೊನೆಗೆ ಉಳಿದದ್ದು ಕಾವಿ ಕೆಂಪು, ಎಲ್ಲದರ ತಳದ್ದು. ಅದರ ಕೆಳಗೆ ಜೇನಿನ ಬಣ್ಣದ ಸಾಗವಾನಿ. ಬಳ್ಳಿ ಬಳ್ಳಿಯಾಗಿ ಕಂಡಿತು, ಎಲೆಯ ನರಗಳು ಕಂಡವು. ಇಂಥ ಕೆಲಸವನ್ನು ಮುಚ್ಚಿಟ್ಟಿದ್ದೆವಲ್ಲ ಎಂದು ಅವನಿಗೆ ಸಂಕಟವಾಯಿತು. ನಾಳೆ ಬೆಳಿಗ್ಗೆ ಸವದತ್ತಿಯ ಬಸ್ಸು. ಚೀಲ ಕಟ್ಟಿಟ್ಟಾಗಿತ್ತು.

ಬಾಗಿಲಿನ ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಜಾಗ ಮಾತ್ರ ಉಳಿದಿತ್ತು. ಅಲ್ಲಿನ ಕೆಂಪು ತೆಗೆದಾಗ ಕೆಳಗೆ ಕರ್ರಗೆ ಇದ್ದಿಲು ಕಂಡಿತು.

ಮತ್ತೆ ಸುಟ್ಟೆನೆ ಎಂದುಕೊಂಡ. ಆದರೆ ಎಡಗೈ ಅಲ್ಲೇ ಇತ್ತು, ಹಲಗೆ ಬರೀ ಬೆಚ್ಚಗಿತ್ತು. ಬಗ್ಗಿ ನೋಡಿದ. ಇದ್ದಿಲಿನ ಬಿರುಕುಗಳ ಒಳಗೆ ಕಾವಿ ಬಣ್ಣ ಇಳಿದು ಗಟ್ಟಿಯಾಗಿ ಕುಳಿತಿತ್ತು. ಸುಟ್ಟದ್ದು ಮೊದಲು, ಬಳಿದದ್ದು ಆಮೇಲೆ. ಯಾರೋ, ಎಂದೋ.

ಇದನ್ನು ಯಾರು ನಂಬುತ್ತಾರೆ? ಕಮಲ ಸುಟ್ಟವನು ಇದನ್ನೂ ಸುಟ್ಟ ಎನ್ನುತ್ತಾರೆ. ಇಪ್ಪತ್ತಮೂರು ವರ್ಷ ದುಡಿದು ಗದ್ದುಗೆ ಬಾಗಿಲು ಕೆಡಿಸಿ ಹೋದ ಎಂಬ ಹೆಸರು ಉಳಿಯುತ್ತದೆ. ಇಲ್ಲವೆ ಅಜ್ಜಾರು ಇದನ್ನೂ ಸರಿಮಾಡಿ ಹೋಗು ಎಂದರೆ ಮತ್ತೆಷ್ಟು ತಿಂಗಳೋ. ಕೊನೆಗೆ ಹಚ್ಚಲೆಂದು ಹುಸೇನಸಾಬ ಕೊಟ್ಟ ಸಾಗವಾನಿ ಬಣ್ಣದ ಪಾಲಿಶಿನ ಡಬ್ಬಿ ಪಕ್ಕದಲ್ಲೇ ಇತ್ತು. ಆ ಮೂಲೆಗೆ ಒಮ್ಮೆ ತಿಕ್ಕಿದರೆ ಯಾರಿಗೂ ಕಾಣುವುದಿಲ್ಲ. ನಾಳೆ ಈ ಹೊತ್ತಿಗೆ ಅವನು ಬಸ್ಸಿನಲ್ಲಿರುತ್ತಾನೆ.

ಡಬ್ಬಿಯ ಮುಚ್ಚಳ ತೆಗೆದು ಚಿಂದಿ ಅದ್ದಿದ. ಬಹಳ ಹೊತ್ತು ಹಾಗೆಯೇ ಕುಕ್ಕರಗಾಲಲ್ಲಿ ಕುಳಿತಿದ್ದ. ಕಾಲು ಜೋಮು ಹಿಡಿಯಿತು.

ಮುಚ್ಚಳ ಹಾಕಿ, ಎದ್ದು ಹೋಗಿ ಅಜ್ಜಾರನ್ನು ಕರೆದುಕೊಂಡು ಬಂದ.

“ಇದು ನಾ ಸುಟ್ಟದ್ದಲ್ರಿ,” ಎಂದ. “ನಂಬೂದು ಬಿಡೂದು ನಿಮಗ ಬಿಟ್ಟದ್ದು. ಮುಚ್ಚಬೇಕಂದಿದ್ದೆ. ಮುಚ್ಚಲಿಲ್ಲ.”

ಅಜ್ಜಾರು ಬಾಗಿಲು ಹಿಡಿದುಕೊಂಡು ನಿಧಾನಕ್ಕೆ ನೆಲಕ್ಕೆ ಕುಳಿತರು. ಯಾವ ಮೂಲೆ ಎಂದು ಕೇಳಲಿಲ್ಲ. ಮುಖ ಹೊಳೆಯ ಕಡೆಗಿತ್ತು, ಅಂಗೈ ಮಾತ್ರ ನೇರವಾಗಿ ಹೋಗಿ ಆ ಕಪ್ಪಿನ ಮೇಲೆ ನಿಂತಿತು.

“ಇದು ನಂದು,” ಎಂದರು.

ಆಮೇಲೆ, ತಡೆತಡೆದು, ಎಲ್ಲವನ್ನೂ ಹೇಳಿದರು. ಅವರಿಗೆ ಆಗ ಹತ್ತೊಂಬತ್ತು. ಅವರ ಗುರುಗಳು ಪರಸ್ಥಳಕ್ಕೆ ಹೋಗಿದ್ದರು. ಇವರು ಹೊಸ್ತಿಲಲ್ಲಿ ದೀಪ ಇಟ್ಟು ಹೊಳೆಗೆ ಹೋದವರು, ದೋಸ್ತರ ಜೊತೆ ಈಜುತ್ತ ಮರೆತುಬಿಟ್ಟರು. ಬಂದು ನೋಡಿದರೆ ಬಳ್ಳಿಯ ತುದಿ ಇದ್ದಿಲಾಗಿತ್ತು. ಗುರುಗಳು ಬರಲು ಮೂರು ದಿನ. ಅಷ್ಟೇ ಜಾಗಕ್ಕೆ ಬಳಿದರೆ ಗೊತ್ತಾಗುತ್ತದೆಂದು ಇಡೀ ಬಾಗಿಲಿಗೆ ಕಾವಿ ಬಳಿದರು. ಗುರುಗಳು ಬಂದು ನೋಡಿ, ಚಲೋ ಸೇವೆ ಮಾಡಿದಿ ಎಂದು ನಾಲ್ಕು ಜನರ ಮುಂದೆ ಬೆನ್ನು ತಟ್ಟಿದರು. ಮುಂದಿನ ಶ್ರಾವಣಕ್ಕೆ ಒಬ್ಬ ಭಕ್ತ ಬಂದು, ಈ ಸೇವೆ ಈ ವರ್ಷ ನನಗೆ ಕೊಡಿರಿ ಎಂದ. ಹಾಗೆ ಐವತ್ತು ವರ್ಷ.

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ನಿಜಗುಣಿ ತನ್ನ ಗುರುವಿನ ಮುಖ ನೋಡಿದ. ಅದರಲ್ಲಿದ್ದ ದಣಿವನ್ನು ಅವನು ವಯಸ್ಸಿನದು ಎಂದುಕೊಂಡಿದ್ದ, ಇಷ್ಟು ವರ್ಷ.

“ಕಟಗಿ ಕಂಡತಿ,” ಎಂದರು ಅಜ್ಜಾರು. “ನೀ ಇನ್ನ ಹೋಗಬಹುದು. ಅಪ್ಪಣಿ ಐತಿ.”

ನಿಜಗುಣಿ ಏಳಲಿಲ್ಲ. ಅವರ ಮಗ್ಗುಲಲ್ಲೇ ನೆಲಕ್ಕೆ ಕುಳಿತ.

“ಇಷ್ಟು ವರ್ಷ ಯಾರ ಮುಂದೂ ಯಾಕ ಹೇಳಲಿಲ್ರಿ ಅಜ್ಜಾರ?”

ಅಜ್ಜಾರು ಸುಟ್ಟ ಕಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ.

“ಹೇಳಬೇಕಂತ ಬಾಯಿ ತಗದಾಗೊಮ್ಮೆ,” ಎಂದರು, “ಯಾರರೆ ಒಬ್ರು ಬಣ್ಣದ ಡಬ್ಬಿ ಹಿಡಕೊಂಡು ಬಂದು ನನ್ನ ಕಾಲಿಗೆ ಬೀಳತಿದ್ರು.”