ಮಾಸಿದ ಹೂವಿನ ಪೆಟ್ಟಿಗೆ

ಕಣಗಿಲೆಕೋಟೆಯ ದೊರೆ ಸಾಳುವರಾಯ ಊರೂರಿಗೆ ಡಂಗುರ ಸಾರಿಸಿದ. ಕುಮಾರಿ ಪದುಮಲೆಗೆ ಹೊಳೆದಂಡೆಯಲ್ಲಿ ಹೊಸ ಮನೆ ಕಟ್ಟಿಸಲಾಗಿದೆ. ಆ ಮನೆಗೆ ಒಪ್ಪುವ ಪೆಟ್ಟಿಗೆಯೊಂದನ್ನು ಅರಮನೆಯ ಉಗ್ರಾಣದಲ್ಲಿರುವ ಹಳೆಯ ಬಣ್ಣದ ಪೆಟ್ಟಿಗೆಗಳಲ್ಲಿ ಆರಿಸಬೇಕು, ಕುಮಾರಿ ಒಡ್ಡುವ ಮೂರು ಒಗಟುಗಳನ್ನು ಬಿಡಿಸಬೇಕು. ಗೆದ್ದವನಿಗೆ ಕುಮಾರಿಯನ್ನು ಧಾರೆಯೆರೆದು ಕೊಟ್ಟು, ಅವನು ಬೇಡಿದ್ದೊಂದನ್ನು ನಡೆಸಿಕೊಡಲಾಗುವುದು. ಸೋತವನಿಗೆ ದೀಪಾವಳಿ ಕಳೆದ ಮೇಲೆ ತಲೆದಂಡ.

ತಲೆದಂಡದ ಮಾತು ಪದುಮಲೆಯದಲ್ಲ. ತಾಯಿ ತೀರಿಕೊಂಡ ಮೇಲೆ ಅವಳು ಮದುವೆಯೇ ಬೇಡವೆಂದಿದ್ದಳು. ಒತ್ತಾಯ ತಾಳಲಾರದೆ ಒಗಟು ಹಾಕಿದಳು. ಬಂದು ಹೋಗುವವರ ಕಾಟ ತಪ್ಪಲೆಂದು ದೊರೆ ಶಿಕ್ಷೆ ಸೇರಿಸಿದ. ಆದರೂ ಜನ ಬಂದರು, ಸೋತರು, ಸೆರೆಮನೆ ತುಂಬಿತು. ಸಾರಿಸಿದ ಮಾತನ್ನು ಹಿಂತೆಗೆದುಕೊಳ್ಳಲು ದೊರೆಗೆ ದಾರಿ ಕಾಣಲಿಲ್ಲ.

ಚಳಿ ಶುರುವಾದಾಗ ಸೆರೆಯಾಳುಗಳಿಗೆ ಹೊದಿಕೆ ಕೊಡಲು ಕೌದಿ ಹೊಲಿಯುವ ಭರಮನಿಗೆ ಹೇಳಿಕಳಿಸಿದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದು ಬದುಕುವವನು ಅವನು. ಹಿಂದುಮುಂದು ಯಾರೂ ಇರಲಿಲ್ಲ. ಕೌದಿ ಹಂಚುತ್ತ ಹೋದಾಗ ಶಾಂತಣ್ಣನೆಂಬ ವರ್ತಕರ ಹುಡುಗ ಬೆರಳಿನ ಉಂಗುರ ಕಳಚಿ, ಇದನ್ನು ನಮ್ಮವ್ವನಿಗೆ ಮುಟ್ಟಿಸು ಎಂದ.

ಭರಮ ಉಂಗುರ ತೆಗೆದುಕೊಳ್ಳಲಿಲ್ಲ. "ನೀನೇ ಕೊಡುವೆಯಂತೆ, ತಡಿ" ಎಂದವನು ನೇರವಾಗಿ ಉಗ್ರಾಣದ ಕಡೆ ನಡೆದ. ನಿಂತರೆ ಹಿಂದಿರುಗಿಬಿಡುತ್ತೇನೆಂದು ಅವನು ನಿಲ್ಲಲೇ ಇಲ್ಲ.

ಅಂದು ಅಲ್ಲಿಗೆ ನೆರೆನಾಡಿನ ರಾಜಕುಮಾರನೂ ದಳವಾಯಿಯ ಮಗನೂ ಬಂದಿದ್ದರು. ದೊರೆ ಭರಮನನ್ನು ಕಂಡು, ಇವನೊಬ್ಬ ಯಾಕೆ ಸಾಯಲು ಬಂದನೋ ಎಂದು ಮುಖ ಸಣ್ಣ ಮಾಡಿಕೊಂಡ. ಪದುಮಲೆ ತಲೆಯೆತ್ತದೆ ಮೊದಲ ಒಗಟು ಹೇಳಿದಳು.

"ಅದಕ್ಕೆ ಬಾಯಿ ಉಂಟು, ಹಲ್ಲಿಲ್ಲ. ಕೊಟ್ಟದ್ದನ್ನೆಲ್ಲ ನುಂಗುತ್ತದೆ, ಅರಗಿಸಿಕೊಳ್ಳುವುದಿಲ್ಲ. ಕೇಳಿದಾಗ ಕೊಟ್ಟ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಏನದು?"

ಭೂಮಿ ಎಂದ ರಾಜಕುಮಾರ. ಭೂಮಿ ಒಂದು ಕಾಳು ನುಂಗಿ ತೆನೆ ಕೊಡುತ್ತದೆ, ಕೊಟ್ಟ ಹಾಗೆ ಕೊಡುವುದಿಲ್ಲ ಎಂದಳು ಪದುಮಲೆ. ಭಟರು ಅವನನ್ನು ಕರೆದೊಯ್ದರು. ದಳವಾಯಿಯ ಮಗ ಸುತ್ತ ನೋಡಿ, ಪೆಟ್ಟಿಗೆ ಎಂದ. ಭರಮನೂ ಅದನ್ನೇ ಹೇಳಬೇಕೆಂದಿದ್ದ, ತಲೆಯಾಡಿಸಿದ. ಇಬ್ಬರೂ ಉಳಿದರು.

"ಬಿಸಿಲು ತಾಗದೆ ಮನೆಯೊಳಗೇ ಬಾಡುವ ಹೂ ಯಾವುದು? ಅದನ್ನು ಬಾಡಿಸುವವರು ಅದರ ಮೇಲೆ ಜೀವ ಇಟ್ಟವರೇ."

ಮದುವೆಯಾಗದೆ ಮನೆಯಲ್ಲಿ ಕೂತ ಹೆಣ್ಣು ಎಂದು ದಳವಾಯಿಯ ಮಗ ನಗುತ್ತಲೇ ಹೇಳಿದ. ಪದುಮಲೆಯ ಮುಖ ಕೆಂಪಾಯಿತು. ಅಲ್ಲ ಎಂದಷ್ಟೇ ಹೇಳಿದಳು. ಅವನನ್ನೂ ಕರೆದೊಯ್ದರು.

ಭರಮ ಮೆಲ್ಲನೆ ಹೇಳಿದ: "ಪೆಟ್ಟಿಗೆಯ ಮೇಲೆ ಬರೆದ ಹೂ, ಅಮ್ಮಣ್ಣಿ. ದಿನಾ ಮುಚ್ಚಳ ಎತ್ತುವ ಕೈ ತಾಗಿ ತಾಗಿ ಅದರ ಬಣ್ಣ ಹೋಗುತ್ತದೆ."

ಪದುಮಲೆ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಮೂರನೆಯದನ್ನು ಹೇಳುವಾಗ ಅವಳ ದನಿ ತಗ್ಗಿತ್ತು. "ನನ್ನ ಮನೆಗೆ ಬರಬೇಕಾದ ಪೆಟ್ಟಿಗೆ ಇಲ್ಲಿ ಒಂದೇ ಇದೆ. ಅದು ತುಂಬಿದೆ, ಆದರೆ ಎತ್ತಿದರೆ ಭಾರವಿಲ್ಲ, ತೆರೆದರೆ ಏನೂ ಕಾಣುವುದಿಲ್ಲ. ತೆರೆದಾಗಲೆಲ್ಲ ಒಳಗಿನದು ಒಂದಿಷ್ಟು ಕಮ್ಮಿಯಾಗುತ್ತದೆ, ಮತ್ತೆ ತುಂಬಲು ಯಾರಿಂದಲೂ ಆಗುವುದಿಲ್ಲ. ಯಾವ ಪೆಟ್ಟಿಗೆ, ಏನು ತುಂಬಿದೆ?"

ಭರಮ ಸಾಲುಗಳ ನಡುವೆ ನಡೆದ. ಬಂಗಾರದ ರೇಕು ಹಚ್ಚಿದವು, ಅಂಬಾರಿಯ ಮೆರವಣಿಗೆ ಬರೆದವು, ದಂತದ ಅಂಚಿನವು ಇದ್ದವು. ಯಾವುದರ ಬಣ್ಣವೂ ಮುಕ್ಕಾಗಿರಲಿಲ್ಲ. ಮೂಲೆಯಲ್ಲಿ ಹಲಸಿನ ಮರದ ಹಸಿರು ಪೆಟ್ಟಿಗೆಯೊಂದಿತ್ತು. ಮುಚ್ಚಳದ ಅಂಚಿನ ತಾವರೆ ಸವೆದು ಮರ ಕಾಣುತ್ತಿತ್ತು. ಅದರ ಕೆಳಗೆ, ಆಗತಾನೆ ನಿಲ್ಲಲು ಕಲಿತ ಮಗು ಹಿಡಿದುಕೊಳ್ಳುವ ಎತ್ತರದಲ್ಲಿ, ಒಂದು ಗಿಳಿಯ ಬಾಲ ಅಳಿಸಿಹೋಗಿತ್ತು.

ಅವನಿಗೆ ಎದೆ ತುಂಬಿ ಬಂತು. ಅವನ ತಾಯಿ ಹೋದ ಮೇಲೆ ಅವಳ ಕೌದಿಯಲ್ಲಿ ಮುಖವಿಟ್ಟು ಮಲಗುತ್ತಿದ್ದ. ಒಂದು ಮುಂಜಾನೆ ಅದರಲ್ಲಿ ಬರೀ ಬಟ್ಟೆಯ ವಾಸನೆ ಉಳಿದಿತ್ತು.

"ಇದು ಮಹಾರಾಣಿಯವರ ಪೆಟ್ಟಿಗೆ. ಒಳಗಿರುವುದು ಅವರ ಸೀರೆಗಳ ವಾಸನೆ" ಎಂದ.

ದೊರೆ ಎದ್ದು ನಿಂತು, ಮುಚ್ಚಳ ತೆಗೆದು ತೋರಿಸು ಎಂದ. ಭರಮ ಕೈಮುಗಿದ.

"ತೆರೆಯುವುದು ಬೇಡ, ಮಹಾಪ್ರಭು. ನಾನು ಸೋತೆನೆಂದರೂ ಆಗಲಿ. ನನ್ನ ಮಾತು ನಿಜವೆಂದು ತೋರಿಸಲು ಅಮ್ಮಣ್ಣಿಯವರಿಗೆ ಉಳಿದಿರುವುದನ್ನು ಖರ್ಚು ಮಾಡಲಾರೆ."

ಪದುಮಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ತಂದೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಮ್ಮನ ಸೀರೆಗಳನ್ನು ದಾನ ಕೊಟ್ಟ ಮೇಲೆ ಬರಿದಾದ ಪೆಟ್ಟಿಗೆ ಅದು. ತಾವರೆಯನ್ನು ಸವೆಸಿದ್ದು ಅಮ್ಮನ ಕೈ, ಗಿಳಿಯ ಬಾಲ ಅಳಿಸಿದ್ದು ತನ್ನದು. ಅಮ್ಮ ತೀರಾ ನೆನಪಾದ ದಿನ ಮಾತ್ರ ತೆರೆಯುತ್ತಿದ್ದಳು, ತೆರೆದು ಬೇಗ ಮುಚ್ಚುತ್ತಿದ್ದಳು.

ಏನು ಬೇಕೋ ಬೇಡು ಎಂದ ದೊರೆ. ಸೆರೆಯಲ್ಲಿರುವವರನ್ನೆಲ್ಲ ಮನೆಗೆ ಕಳಿಸಿಬಿಡಿ ಎಂದ ಭರಮ. ದೊರೆ ಹೊತ್ತಿದ್ದ ಬಂಡೆ ಇಳಿಸಿದವನಂತೆ ಉಸಿರುಬಿಟ್ಟು, ಆಗಲೇ ಬೀಗದ ಕೈ ಕಳಿಸಿದ. ಮದುವೆಯ ಮಾತು ಬಂದಾಗ ಭರಮ, ಅದು ಅಮ್ಮಣ್ಣಿಯವರ ಮನಸ್ಸು, ಒಲ್ಲೆ ಎಂದರೆ ನನ್ನ ದಾರಿ ನನಗೆ ಎಂದ.

"ಯಾರೂ ಬಿಡಿಸದಿರಲಿ ಎಂದೇ ಒಗಟು ಹಾಕಿದ್ದೆ" ಎಂದಳು ಪದುಮಲೆ. "ಬಿಡಿಸಿದವನು ನೀನಾದೆಯಲ್ಲ, ಒಳ್ಳೆಯದೇ ಆಯಿತು."

ಕಾರ್ತಿಕದಲ್ಲಿ ಮದುವೆಯಾಯಿತು. ಹಸಿರು ಪೆಟ್ಟಿಗೆ ಹೊಳೆದಂಡೆಯ ಮನೆಗೆ ಬಂತು. ಒಂದು ಮುಂಜಾನೆ ಪದುಮಲೆ ಅದರ ಮುಂದೆ ಕೂತು ಗಂಡನನ್ನು ಕರೆದಳು. ಮುಚ್ಚಳದ ಮೇಲೆ ಕೈಯಿಟ್ಟಳು. ಬೇಡ, ಕಮ್ಮಿಯಾಗುತ್ತದೆ ಎಂದು ಅವನು ತಡೆದ.

"ಆಗಲಿ" ಎಂದಳು ಅವಳು. "ನೀವು ನಮ್ಮಮ್ಮನನ್ನು ನೋಡಲೇ ಇಲ್ಲವಲ್ಲ."

ಮುಚ್ಚಳ ಎತ್ತಿದಳು. ಲಾವಂಚ, ಹಳೆಯ ರೇಷ್ಮೆ, ಎಲ್ಲೋ ಒಂದಿಷ್ಟು ಸೀಗೆಕಾಯಿ. ಭರಮ ಅತ್ತೆಗೆ ನಮಸ್ಕರಿಸುವವನಂತೆ ಬಾಗಿ, ಮೆಲ್ಲಗೆ ಉಸಿರೆಳೆದುಕೊಂಡ.